ನಿಂತಲ್ಲೇ ಉರಿದ ಗಂಟೆಗಳು

ಶಿಷ್ಯೆ ಕೇಳಿದಳು: "ಬುದ್ಧಿ, ಪುಸ್ತಕ ಒಂದು ಹೇಳುತ್ತದೆ, ಮನುಷ್ಯ ಇನ್ನೊಂದು ಹೇಳುತ್ತಾನೆ. ಯಾವುದನ್ನು ನಂಬಬೇಕು?"

ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಕೇಳಿದವಳು ಸರ್ವಮಂಗಳ. ಬಿ.ಎಸ್ಸಿ. ಓದಿದವಳು. ಆರು ವರ್ಷದಿಂದ ಮಠದ ಗೋಶಾಲೆಯ ದಿನಚರಿ ಬರೆಯುವ ಕೆಲಸ ಅವಳದು. ಯಾವ ಹಸುವಿಗೆ ಎಷ್ಟು ಹಿಂಡಿ ಹಾಕಿದರು, ಯಾವ ಹೊತ್ತಿಗೆ ಎಷ್ಟು ಹಾಲು ಬಂತು, ಕೊಟ್ಟಿಗೆಗೆ ಎಂದು ಸುಣ್ಣ ಬಳಿದರು, ಎಲ್ಲವೂ ಅವಳ ಪುಸ್ತಕದಲ್ಲಿತ್ತು. ಒಂದು ತಿಂಗಳಿಂದ ಹಾಲು ಇಳಿದಿತ್ತು. ಹಾಲು ಕರೆಯುವ ಮಾದಯ್ಯ ಕದಿಯುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಲು ಅಪ್ಪಣೆ ಕೇಳಲೆಂದು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬಂದಿದ್ದಳು.

"ಮಾದಯ್ಯ ಏನು ಹೇಳುತ್ತಾನೆ?" ಎಂದರು ಗುರುಗಳು.

"ಹಿಂಡಿಯ ವಿಷಯ ಏನೋ ಹೇಳಿದ, ಬುದ್ಧಿ. ನಾನು ಬರೆಯುತ್ತಿದ್ದೆ, ಪೂರ್ತಿ ಕೇಳಲಿಲ್ಲ. ಸಿಕ್ಕಿಬಿದ್ದವರು ಏನಾದರೊಂದು ಹೇಳಿಯೇ ಹೇಳುತ್ತಾರೆ."

"ಕೂತುಕೋ ತಾಯಿ," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಯಜಮಾನಿ ಇದ್ದಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಮಕ್ಕಳು, ಸೊಸೆಯರು ಯಾರೂ ಅವಳಿಗೆ ಎದುರಾಡುತ್ತಿರಲಿಲ್ಲ. ಯಾವ ಮೊಮ್ಮಗುವಿಗೆ ಯಾವ ದಿನ ಹಲ್ಲು ಬಂತು, ಯಾವ ಜಾಡಿಯ ಉಪ್ಪಿನಕಾಯಿ ಯಾವ ತಿಂಗಳು ಹಾಕಿದ್ದು, ಬಾವಿಯ ನೀರು ಯಾವ ಬೇಸಿಗೆಯಲ್ಲಿ ಎಷ್ಟು ಅಡಿ ಇಳಿಯಿತು, ಕೇಳಿದ ಕೂಡಲೇ ಪುಸ್ತಕ ತೆಗೆದು ತೋರಿಸುತ್ತಿದ್ದಳು. ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂದು ಅವಳು ನಂಬಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳು ಒಂದು ಒಳ್ಳೆಯ ಕೆಲಸ ಕೈಗೆತ್ತಿಕೊಂಡಳು. ಕಣ್ಣಿನ ತಪಾಸಣೆಯ ಗಾಡಿ ನಡೆಸಿದಳು. ಗಾಡಿ ಹೊರದೇಶದಿಂದ ದಾನವಾಗಿ ಬಂದದ್ದು. ಬಸ್ಸಿನಷ್ಟು ದೊಡ್ಡದು, ಎಂಟು ಸಿಲಿಂಡರಿನ ಡೀಸೆಲ್ ಎಂಜಿನ್. ದಿನಕ್ಕೊಂದು ಹಳ್ಳಿಗೆ ಹೋಗುತ್ತಿತ್ತು. ಅಲ್ಲಿ ಹುಣಸೆಮರದ ಕೆಳಗೋ ಶಾಲೆಯ ಅಂಗಳದಲ್ಲೋ ಸಂಜೆಯವರೆಗೆ ನಿಲ್ಲುತ್ತಿತ್ತು. ಒಳಗೆ ವೈದ್ಯರು ಕಣ್ಣು ನೋಡುತ್ತಿದ್ದರು. ಒಳಗಿನ ದೀಪಕ್ಕೂ ಯಂತ್ರಗಳಿಗೂ ಕರೆಂಟು ಬೇಕು. ಆದ್ದರಿಂದ ಗಾಡಿ ನಿಂತಿದ್ದರೂ ಎಂಜಿನ್ ಆರಿಸುವಂತಿರಲಿಲ್ಲ.

ಗಾಡಿಗೆ ಒಬ್ಬ ಚಾಲಕನಿದ್ದ. ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಓದಿದ್ದು ಏಳನೆಯ ತರಗತಿ. ಮುದುಕರನ್ನು ಕೈಹಿಡಿದು ಗಾಡಿಯ ಮೆಟ್ಟಿಲು ಹತ್ತಿಸುವುದು ಅವನ ಕೆಲಸವಲ್ಲ, ಆದರೂ ಹತ್ತಿಸುತ್ತಿದ್ದ.

ಗಾಡಿಗೊಂದು ಪುಸ್ತಕವೂ ಇತ್ತು. ಗಾಡಿಯ ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಯಜಮಾನಿ ತಾನೇ ಓದಿ, ಅದರಿಂದ ಒಂದು ಸಾಲನ್ನು ಕನ್ನಡಕ್ಕಿಳಿಸಿ ಪುಸ್ತಕದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ಪ್ರತಿ ಶನಿವಾರ ಬಂದು ಮೀಟರ್ ನೋಡಿ ಎಷ್ಟು ಓಡಿದೆ ಎಂದು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದಳು. ಕೆಳಗೆ ಅಡಿಪಟ್ಟಿ ಇಟ್ಟು ಕೆಂಪು ಗೆರೆ ಎಳೆಯುತ್ತಿದ್ದಳು. ಆ ಪುಸ್ತಕದಲ್ಲಿ ಬರೆಯುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ.

ಎರಡನೆಯ ಶನಿವಾರವೇ ಪುಟದ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು ಕಂಡವು. ಸಾಲಾಗಿ ಮೂವತ್ತಾರು ಗೀಟು.

"ಇದೇನಯ್ಯ ಇದು? ಮೊಸರಿನವಳು ಗೋಡೆಗೆ ಗೀಟು ಹಾಕಿದ ಹಾಗಿದೆ!"

"ಗಾಡಿ ನಿಂತಲ್ಲೇ ಉರಿದ ಗಂಟೆ, ಅಮ್ಮಾವ್ರೇ. ಗಂಟೆಗೊಂದು ಗೀಟು. ಓಡಿದ್ದು ಮೀಟರಿಗೆ ಗೊತ್ತಾಗುತ್ತೆ. ನಿಂತಿದ್ದು ಯಾರಿಗೆ ಗೊತ್ತಾಗಬೇಕು?"

"ಈ ಪುಸ್ತಕದಲ್ಲಿ ಗಂಟೆಗೆ ಕಾಲಂ ಇಲ್ಲ," ಎಂದಳು ಯಜಮಾನಿ. ಚೀಲದಿಂದ ರಬ್ಬರ್ ತೆಗೆದು ಗೀಟುಗಳನ್ನು ಅಳಿಸಿದಳು. ಪುಡಿಯನ್ನು ಊದಿದಳು.

ಮುಂದಿನ ಶನಿವಾರ ಮತ್ತೆ ಗೀಟುಗಳಿದ್ದವು. ಮತ್ತೆ ಅಳಿಸಿದಳು. ಅದರ ಮುಂದಿನ ವಾರವೂ ಹಾಗೆಯೇ. ಕೊನೆಗೆ ಅದು ಅವರಿಬ್ಬರ ನಡುವೆ ಒಂದು ತಮಾಷೆಯಾಯಿತು. ಚಾಲಕ ಒಂದು ರಬ್ಬರನ್ನು ತಾನೇ ತಂದು ಸ್ಟೀರಿಂಗಿನ ಪಕ್ಕ ಇಟ್ಟ. "ಇಲ್ಲೇ ಐತೆ ಅಮ್ಮಾವ್ರೇ, ನೀವು ಯಾಕೆ ಹೊತ್ಕೊಂಡು ಬರ್ತೀರಿ," ಎನ್ನುತ್ತಿದ್ದ. ಯಜಮಾನಿಯೂ ನಗುತ್ತಿದ್ದಳು. ನಗುತ್ತಲೇ ಅಳಿಸುತ್ತಿದ್ದಳು.

ಆರು ತಿಂಗಳು ಕಳೆದವು. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಗಾಡಿ ಸ್ಟಾರ್ಟ್ ಆಗಲು ಮೊಂಡು ಹಿಡಿಯತೊಡಗಿತು. ಸ್ಟಾರ್ಟ್ ಆದರೂ ಚಳಿಜ್ವರ ಬಂದವರಂತೆ ನಡುಗುತ್ತಿತ್ತು, ಬಿಳಿ ಹೊಗೆ ಕಾರುತ್ತಿತ್ತು. ಅರ್ಧ ಗಂಟೆ ಕಾದ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಚಾಲಕ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ ಯಜಮಾನಿಯ ಬಳಿ ಬಂದ.

"ಅಮ್ಮಾವ್ರೇ, ಆಯಿಲ್ ನೀರಿನಂಗೆ ಆಗೈತೆ. ಬದಲಾಯಿಸಿಬಿಡೋಣ."

ಯಜಮಾನಿ ಪುಸ್ತಕ ತೆರೆದಳು. "ಏಳು ಸಾವಿರದ ಇನ್ನೂರು. ಇನ್ನೂ ಎರಡು ಸಾವಿರದ ಎಂಟುನೂರು ಇದೆ. ಕೈಪಿಡಿ ಓದಿದ್ದು ನೀನೋ, ನಾನೋ?"

"ಓದಿದ್ದು ನೀವೇ ಅಮ್ಮಾವ್ರೇ. ದಿನಾ ಅದರ ಜೊತೆ ಕೂರೋದು ಮಾತ್ರ ನಾನು."

ಅವನು ಇದನ್ನು ಮೂರು ಸಲ ಕೇಳಿದ. ಮೂರು ಸಲವೂ ಅವಳು ಪುಸ್ತಕ ತೆರೆದು ತೋರಿಸಿದಳು.

ಒಂದು ಬೆಳಿಗ್ಗೆ ಒಂದು ಹಳ್ಳಿಯಿಂದ ನಲವತ್ತು ಜನರನ್ನು ಪೊರೆ ತೆಗೆಸಲು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮುದುಕರು, ಮುದುಕಿಯರು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಬಟ್ಟೆಗಂಟು ಹಿಡಿದು ಗಾಡಿಯ ಸುತ್ತ ಕುಳಿತಿದ್ದರು. ಯಜಮಾನಿಯೂ ಬಂದಿದ್ದಳು. ಗಾಡಿ ಸ್ಟಾರ್ಟ್ ಆಗಲಿಲ್ಲ. ಒಂಬತ್ತಕ್ಕೂ ಆಗಲಿಲ್ಲ, ಹನ್ನೊಂದಕ್ಕೂ ಆಗಲಿಲ್ಲ. ಬ್ಯಾಟರಿ ಸೋತಿತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯವರು ಆ ದಿನದ ಸರದಿಯನ್ನು ಬೇರೆಯವರಿಗೆ ಕೊಟ್ಟರು. ಮುಂದಿನ ಸರದಿ ಮೂರು ತಿಂಗಳ ನಂತರ.

ಯಜಮಾನಿಗೆ ತಲೆ ಎತ್ತಲು ಆಗಲಿಲ್ಲ. ಅವಳ ಪುಸ್ತಕದ ಪ್ರಕಾರ ಗಾಡಿಗೆ ಯಾವ ಕೊರತೆಯೂ ಇರಲಿಲ್ಲ. ಫಿಲ್ಟರ್ ಬದಲಿಸಿದ ದಿನ ಇತ್ತು, ಬ್ಯಾಟರಿಗೆ ನೀರು ಹಾಕಿದ ದಿನ ಇತ್ತು, ಆಯಿಲಿಗೆ ಇನ್ನೂ ಸಮಯ ಇತ್ತು. ಬರೆಯದೆ ಉಳಿದದ್ದು ಒಂದೇ, ಚಾಲಕ ಒಬ್ಬನೇ ಹೋಗಿ ತುಂಬಿಸಿಕೊಂಡು ಬರುವ ಡೀಸೆಲ್. ಅವಳು ಗಾಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಡೀಸೆಲ್ ಮಾರಿಕೊಂಡು ಸೀಮೆಎಣ್ಣೆ ಬೆರೆಸಿದ್ದೀಯ."

ಚಾಲಕ ಮೊದಲು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಅವಳ ಮುಖ ನೋಡಿದ. ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ಪಕ್ಕಕ್ಕೆ ಸರಿದು ನಿಂತ.

"ಮೂಸಿ ನೋಡಿ ಅಮ್ಮಾವ್ರೇ."

ಅವಳು ಮೂಸಲಿಲ್ಲ. ಪುಸ್ತಕ ತೆರೆದು ಬರೆದುಕೊಂಡಳು. ಅವನು ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಆ ಶನಿವಾರ ಅಂಚಿನ ಗೀಟುಗಳನ್ನು ಅವಳು ಕೊನೆಯ ಸಲ ಅಳಿಸಿದಳು. ಆಮೇಲೆ ಗೀಟುಗಳು ಬರಲಿಲ್ಲ.

ಬೇರೊಬ್ಬ ಚಾಲಕ ಬಂದ. ಟ್ಯಾಂಕನ್ನು ಬರಿದು ಮಾಡಿ ತೊಳೆಸಿದಳು. ತನ್ನ ಕಣ್ಣೆದುರೇ ಡೀಸೆಲ್ ತುಂಬಿಸಿದಳು. ಬ್ಯಾಟರಿಯನ್ನೂ ಹೊಸದು ಹಾಕಿಸಿದಳು. ಗಾಡಿ ಮೊದಲಿಗಿಂತ ಹೆಚ್ಚು ಮೊಂಡು ಹಿಡಿಯಿತು. ಹಳೆಯ ಚಾಲಕ ಮಾಡಿದ ಹಾನಿಯ ಫಲ ಎಂದು ಪುಸ್ತಕದಲ್ಲಿ ಬರೆದಳು. ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ಪಟ್ಟಣದಿಂದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದಳು. ಇಂಥ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವನು.

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಮುಚ್ಚಿದ. ಆಯಿಲ್ ಕಡ್ಡಿ ಎಳೆದು ಎರಡು ಬೆರಳ ನಡುವೆ ಆಯಿಲನ್ನು ಉಜ್ಜಿದ. ಬೆರಳನ್ನು ಅವಳ ಮುಂದೆ ಹಿಡಿದ.

"ಅಮ್ಮಾ, ಡೀಸೆಲ್ ಚೆನ್ನಾಗೈತೆ. ಆಯಿಲ್ ಸತ್ತೈತೆ. ಅದಕ್ಕೇ ಇಂಜೆಕ್ಟರ್ ಹಿಡ್ಕೊಂಡೈತೆ."

"ಇಂಜೆಕ್ಟರ್ ಡೀಸೆಲ್ ಸಿಂಪಡಿಸುವ ಭಾಗ ಅಲ್ಲವೇನಪ್ಪ? ಅದಕ್ಕೂ ಎಂಜಿನ್ ಆಯಿಲಿಗೂ ಏನು ಸಂಬಂಧ?"

"ಬೇರೆ ಗಾಡೀಲಿ ಸಂಬಂಧ ಇಲ್ಲ. ಇದರಲ್ಲಿ ಐತೆ. ಇದರ ಇಂಜೆಕ್ಟರಿನ ಬೆನ್ನು ಹಿಡಿದು ತಳ್ಳೋದೇ ಆಯಿಲ್. ಆಯಿಲ್ ಕಾದು ಕಾದು, ಅರೆದು ಅರೆದು ಸತ್ವ ಕಳ್ಕೊಳ್ಳುತ್ತೆ. ಒಳಗೆ ಕೂದಲೆಳೆ ಜಾಗದಲ್ಲಿ ಜಿಡ್ಡು ಕಟ್ಟುತ್ತೆ. ನಿಮ್ಮನೇಲಿ ಒಂದೇ ಎಣ್ಣೇಲಿ ಒಂಬತ್ತು ತಿಂಗಳು ಬೋಂಡ ಕರೀತೀರಾ? ಬಾಣಲೆ ತಳ ಹೆಂಗಾಗುತ್ತೆ? ಹಂಗೆ. ತಣ್ಣಗಿದ್ದಾಗ ಅಂಟು ಹಿಡ್ಕೊಳ್ಳುತ್ತೆ, ಬಿಸಿಯಾದಾಗ ಬಿಡುತ್ತೆ."

ಯಜಮಾನಿ ಪುಸ್ತಕ ತಂದಳು. ಒಂಬತ್ತು ಸಾವಿರದ ನಾನೂರು ಎಂಬ ಅಂಕಿಯ ಮೇಲೆ ಬೆರಳಿಟ್ಟಳು. "ಇನ್ನೂ ಆರುನೂರು ಬಾಕಿ ಇದೆ. ನೋಡಿ. ಒಂದು ವಾರವೂ ತಪ್ಪಿಲ್ಲ."

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಪುಟಗಳನ್ನು ತಿರುವಿದ. "ಅಕ್ಷರ ಮುತ್ತಿನಂಗೈತೆ ಅಮ್ಮಾ. ಇದು ಓಡಿದ್ದು. ನಿಂತಲ್ಲೇ ಉರಿದದ್ದನ್ನ ಎಲ್ಲಿ ಬರೆದಿದ್ದೀರಿ?"

ಅವಳು ಪುಸ್ತಕವನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು.

"ನಿಂತ ಗಾಡಿ ಒಂದು ಗಂಟೆ ಉರಿದರೆ ಆಯಿಲಿಗೆ ನಲವತ್ತು ಕಿಲೋಮೀಟರ್ ಓಡಿದ ಲೆಕ್ಕ. ನಿಮ್ಮ ಡ್ರೈವರ್ ಯಾರೂ ಹೇಳಲಿಲ್ವಾ?"

ಯಜಮಾನಿ ಮೇಸ್ತ್ರಿಗೆ ಕಾಫಿ ಕೊಡುವಂತೆ ಸೊಸೆಗೆ ಹೇಳಿ ಒಳಗೆ ಹೋದಳು. ಕೈಪಿಡಿ ತೆಗೆದಳು. ತಾನು ಅಡಿಗೆರೆ ಎಳೆದಿದ್ದ ಸಾಲು ಪುಟದ ಕೊನೆಯಲ್ಲಿತ್ತು. ಪುಟ ತಿರುವಿದಳು. ನಿಂತಲ್ಲೇ ಹೆಚ್ಚು ಹೊತ್ತು ನಡೆಸುವ ಎಂಜಿನ್ನಿಗೆ ಕಿಲೋಮೀಟರನ್ನು ಅಲ್ಲ, ಗಂಟೆಗಳನ್ನು ಎಣಿಸಬೇಕು ಎಂದು ಅಲ್ಲಿ ಬರೆದಿತ್ತು. ಒಂದು ಪುಟದ ಅಂತರ. ಏಳನೆಯ ತರಗತಿ ಓದಿದವನು ಆ ಪುಟ ಓದದೆಯೇ ತಿಳಿದಿದ್ದ.

ಆಮೇಲೆ ಅವಳು ಗಾಡಿಯ ಪುಸ್ತಕವನ್ನು ಕಿಟಕಿಯ ಬಳಿಗೆ ಒಯ್ದಳು. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ರಬ್ಬರ್ ಪೆನ್ಸಿಲಿನ ಸೀಸವನ್ನು ಅಳಿಸಿತ್ತು, ಒತ್ತಿದ ಗುರುತನ್ನು ಅಳಿಸಿರಲಿಲ್ಲ. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ತಗ್ಗುಗಳು. ಗಂಟೆಗೊಂದು. ಅವಳು ಎಣಿಸತೊಡಗಿದಳು. ಮುನ್ನೂರ ಹದಿನಾರಕ್ಕೆ ನಿಲ್ಲಿಸಿದಳು. ಎಣಿಕೆಯನ್ನು ಅರ್ಧಕ್ಕೆ ಬಿಟ್ಟದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಇನ್ನೂ ಇಪ್ಪತ್ತಕ್ಕೂ ಹೆಚ್ಚು ಪುಟಗಳಿದ್ದವು. ಆ ಗೀಟುಗಳು ಏನೆಂದು ತನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಅವನು ಹೇಳಿದ್ದ. ಅವಳು ನಕ್ಕಿದ್ದಳು.

ಮೇಸ್ತ್ರಿ ಸತ್ತ ಆಯಿಲನ್ನು ಇಳಿಸಿದ. ಹೊಸದು ಹಾಕಿ ಕೆಲವು ದಿನ ನಡೆಸಿ ಅದನ್ನೂ ಇಳಿಸಿದ. ಮತ್ತೆ ಹಾಕಿದ. ಹಿಡಿದಿದ್ದ ಇಂಜೆಕ್ಟರುಗಳಲ್ಲಿ ಎರಡನ್ನು ಬದಲಿಸಬೇಕಾಯಿತು. ಉಳಿದವು ಒಂದೊಂದಾಗಿ ಬಿಟ್ಟುಕೊಂಡವು. ಒಂದು ಬೆಳಿಗ್ಗೆ ಗಾಡಿ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ಮನೆಯವರೆಲ್ಲ ಸಂತೋಷಪಟ್ಟರು. ಯಜಮಾನಿ ಅಂದು ಊಟ ಮಾಡಲಿಲ್ಲ.

ಅವಳು ಚಾಲಕನನ್ನು ಹುಡುಕಿಕೊಂಡು ಹೋದಳು. ಸುತ್ತಿನ ಊರುಗಳಲ್ಲಿ ಯಾರೂ ಅವನ ಕೈಗೆ ಗಾಡಿ ಕೊಟ್ಟಿರಲಿಲ್ಲ. ಹೆದ್ದಾರಿಯ ಪಕ್ಕ ಒಂದು ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡುತ್ತ ಕುಳಿತಿದ್ದ. ಅವಳನ್ನು ಕಂಡು ಎದ್ದ. ಸ್ಟೂಲನ್ನು ಪಂಚೆಯ ತುದಿಯಿಂದ ಒರೆಸಿ ಮುಂದಿಟ್ಟ. ಅವಳು ಕೂರಲಿಲ್ಲ.

"ನನ್ನಿಂದ ತಪ್ಪಾಯಿತು," ಎಂದಳು. "ಡೀಸೆಲ್ ಅಲ್ಲ. ಆಯಿಲ್. ನೀನು ಹೇಳಿದ್ದೆ."

ಚಾಲಕ ಒದ್ದೆ ಕೈಯನ್ನು ಒರೆಸಿಕೊಂಡ. "ಅಮ್ಮಾವ್ರೇ, ಆವತ್ತು ನೀವು ಹೇಳಿದ್ದು ನಲವತ್ತು ಜನರ ಮುಂದೆ. ಈವತ್ತು ಹೇಳ್ತಿರೋದು ಈ ಟ್ಯೂಬಿನ ಮುಂದೆ."

ಅವಳು ಹಿಂದಿರುಗಿದಳು. ಪೊರೆಯ ಸರದಿ ಮತ್ತೆ ಬಂದಾಗ ಅದೇ ಹಳ್ಳಿಗೆ ಗಾಡಿಯೊಡನೆ ತಾನೂ ಹೋದಳು. ಅದೇ ಮೆಟ್ಟಿಲ ಮೇಲೆ ನಿಂತಳು. ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿದ್ದಳು, ಆದರೆ ಕಾಗದ ತೆಗೆಯಲಿಲ್ಲ. ಚಾಲಕ ಕಳ್ಳನಲ್ಲ, ಅವನು ಎಚ್ಚರಿಸಿದ್ದನ್ನು ನಾನು ಅಳಿಸಿಹಾಕಿದೆ, ನೀವು ಆ ದಿನ ಆಸ್ಪತ್ರೆಗೆ ಹೋಗಲಾಗದೆ ಮನೆಗೆ ಹಿಂದಿರುಗಿದ್ದು ನನ್ನಿಂದ ಎಂದು ಹೇಳಿದಳು.

ಮುಂದೆ ಕುಳಿತಿದ್ದ ಒಬ್ಬ ಮುದುಕಿ, "ಅದೆಲ್ಲ ನಮಗ್ಯಾಕವ್ವ? ಹೆಸರು ಕೂಗಿಸು, ಬಿಸಿಲು ಏರ್ತೈತೆ," ಎಂದಳು.

ಹಿಂದಿನಿಂದ ಒಬ್ಬ ಕೇಳಿದ: "ಯಾರ ಮಾತು ಆಡ್ತಾವ್ರೆ? ಓ, ಆ ಸೀಮೆಎಣ್ಣೆ ಡ್ರೈವರ್ರಾ? ಅವನು ಒಳ್ಳೆಯವನಂತೆ ಬಿಡು."

ನಾಲ್ಕು ಜನ ನಕ್ಕರು. ಆಗ ಯಜಮಾನಿಗೆ ತಿಳಿಯಿತು. ಸೀಮೆಎಣ್ಣೆ ಡ್ರೈವರ್ ಎಂಬುದು ಆ ಹಳ್ಳಿಯಲ್ಲಿ ಅವನ ಹೆಸರೇ ಆಗಿಹೋಗಿತ್ತು. ಇಂಜೆಕ್ಟರಿಗೆ ಹಿಡಿದ ಜಿಡ್ಡು ಎರಡು ಸಲ ಹೊಸ ಆಯಿಲ್ ಹಾಕಿದ ಮೇಲೆ ಬಿಟ್ಟಿತ್ತು. ಈ ಹೆಸರು ಬಿಡಲಿಲ್ಲ. ಅವನು ಕಳ್ಳನಲ್ಲ ಎಂದು ಈಗ ಎಲ್ಲರೂ ಒಪ್ಪುತ್ತಿದ್ದರು. ಒಪ್ಪುತ್ತಲೇ ಆ ಹೆಸರಿನಿಂದ ಕರೆಯುತ್ತಿದ್ದರು. ಅವಳು ಇಟ್ಟ ಹೆಸರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಸರ್ವಮಂಗಳ ಕೇಳಿದಳು: "ಚಾಲಕ ಹಿಂದಿರುಗಿ ಬಂದನೇ, ಬುದ್ಧಿ?"

"ಒಂದು ದಿನ ಬಂದ. ಹೊಸ ಚಾಲಕನಿಗೆ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡುವುದನ್ನು ಹೇಳಿಕೊಟ್ಟ. ಯಜಮಾನಿ ಬೀಗದ ಕೈ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಹೋಗುವಾಗ ಸ್ಟೀರಿಂಗಿನ ಪಕ್ಕ ಇನ್ನೂ ಇದ್ದ ರಬ್ಬರನ್ನು ಮಾತ್ರ ಜೇಬಿಗೆ ಹಾಕಿಕೊಂಡ."

ಕೊಟ್ಟಿಗೆಯ ಕಡೆಯಿಂದ ಮಾದಯ್ಯ ಹಸುವನ್ನು ಗದರುವ ಸದ್ದು ಕೇಳಿಸಿತು.

ಸರ್ವಮಂಗಳ ಪುಸ್ತಕವನ್ನು ಎರಡು ಕೈಯಲ್ಲಿ ಮುಂದೆ ಹಿಡಿದಳು. "ಆ ಯಜಮಾನಿ ಕಾಲಂ ಬಿಟ್ಟಿದ್ದಳು, ಬುದ್ಧಿ. ನನ್ನ ಪುಸ್ತಕದಲ್ಲಿ ಎಲ್ಲಕ್ಕೂ ಕಾಲಂ ಇದೆ. ತಾವೇ ನೋಡಿ. ಯಾವುದನ್ನೂ ನಾನು ಅಳಿಸಿಲ್ಲ."

ಗುರುಗಳು ಪುಸ್ತಕ ತೆಗೆದುಕೊಂಡರು. ಮೊದಲ ಪುಟದಿಂದ ಒಂದೊಂದಾಗಿ ತಿರುವಿದರು. ಹಿಂಡಿ, ಹುಲ್ಲು, ಹಾಲು, ಸುಣ್ಣ. ಬರಹ ದುಂಡಗಿತ್ತು. ಒಂದು ಚಿತ್ತೂ ಇರಲಿಲ್ಲ. ಕೊನೆಯ ಪುಟ ಮುಗಿಸಿ, ಮತ್ತೆ ಮೊದಲ ಪುಟಕ್ಕೆ ಬಂದು, ಪುಸ್ತಕವನ್ನು ತೆರೆದೇ ಅವಳ ಕೈಗೆ ಕೊಟ್ಟು ಕೇಳಿದರು:

"ಮಾದಯ್ಯ ಹೇಳಿದ್ದನ್ನು ಯಾವ ಪುಟದಲ್ಲಿ ಬರೆದಿದ್ದೀಯ, ತಾಯಿ?"